ಬೆಳಗಾವಿ ಅಧಿವೇಶನಕ್ಕೆ ಹೋದವರು ಮನೆಯಲ್ಲಿ ಏನು ಹೇಳ್ತಿದ್ರು?

ಪ್ರಶ್ನೆ: ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನ ಬೆಳಗಾವಿಯದು. ಭಾಷಣ ಪುಸ್ತಕದಾಗ ಸಿಗ್ತಾವ. ಹಳ್ಳಿಯಿಂದ ಪ್ರತಿನಿಧಿಯಾಗಿ ಹೋದವರು ಎಲ್ಲಿ ಮಲಗಿದ್ರು, ಏನು ಕಂಡ್ರು?

ಉತ್ತರ: ನಮ್ಮಜ್ಜ ಗದಗಿನ ಕಡೆಯಿಂದ ಹೋಗಿದ್ರು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಟಿಳಕವಾಡಿ ಬಯಲಿಗೆ ವಿಜಯನಗರ ಅಂತ ಹೆಸರಿಟ್ಟಿದ್ರಲ್ಲ, ಅಲ್ಲೇ ಚಳಿಗೆ ಕಂಬಳಿಯೊಳಗ ಮುದುಡಿಕೊಂಡು ಮಲಗಿದ್ರಂತ. ಅಜ್ಜ ಕೂತಲ್ಲಿಗೆ ಗಾಂಧೀಜಿ ದನಿ ಸರಿಯಾಗಿ ಕೇಳಲಿಲ್ಲ. ಆದರ ಸಣ್ಣ ಹುಡುಗಿ ಗಂಗೂಬಾಯಿ ಹಾನಗಲ್ ಹಾಡಿದ್ದು ಸಾಯೋತನಕ ನೆನಪಿತ್ತು. ಅವರ ಖಾದಿ ಚೀಲ ಈಗಲೂ ನಮ್ಮ ಹತ್ರ ಐತಿ, ಒಂದು ಹಿಡಿಕೆ ಹರದೈತಿ.

ಇನ್ನೊಬ್ಬರು: ಅಧಿವೇಶನದ ನೀರಿಗಾಗಿ ತೋಡಿದ ಪಂಪಾ ಸರೋವರ ಇನ್ನೂ ಅಲ್ಲೇ ಐತಿ. ಕಾಂಗ್ರೆಸ್ ಬಾವಿ ಅಂತ ಕೇಳ್ರಿ, ತೋರಿಸ್ತಾರ.

ಪ್ರಶ್ನೆ ಕೇಳಿದವರು: ಚೀಲದ ಫೋಟೊ ಹಾಕ್ರಿ, ಕೈ ಮುಗೀತೀನಿ.