ಟೈಟಲ್ ನೈನ್ ಮತ್ತು ಟೆನಿಸ್ ಸ್ಕಾಲರ್‌ಶಿಪ್: ನಮ್ಮ ಗಂಡುಮಕ್ಕಳಿಗೆ ಅನ್ಯಾಯವಾಗಿದೆಯೇ?

ಟೆನಿಸ್ ಅಪ್ಪ, ಡಾಲಸ್:
ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗ ಪೋಷಕರ ಮುಂದೆ ಒಂದು ಪ್ರಶ್ನೆಯನ್ನಿಡುತ್ತಿದ್ದೇನೆ. ನನ್ನ ಮಗ ಮತ್ತು ಮಗಳು ಒಬ್ಬರೇ ಕೋಚ್ ಬಳಿ ಟೆನಿಸ್ ಕಲಿತವರು. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ) ಮೊದಲ ವಿಭಾಗದ ಕಾಲೇಜೊಂದು 2025ರವರೆಗೂ ಹುಡುಗಿಯರ ಟೆನಿಸ್ ತಂಡಕ್ಕೆ 8 ಪೂರ್ಣ ವಿದ್ಯಾರ್ಥಿವೇತನ ಕೊಡಬಹುದಾಗಿತ್ತು. ಹುಡುಗರ ತಂಡಕ್ಕೆ ನಾಲ್ಕೂವರೆ ಮಾತ್ರ, ಅದನ್ನೂ ಹಲವರಿಗೆ ಹಂಚಬೇಕಾಗಿತ್ತು. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡಕೂಡದೆಂದು 1972ರ ಟೈಟಲ್ ನೈನ್ ಕಾನೂನು ಹೇಳುತ್ತದೆ. ಹಾಗಾದರೆ ಇದು ಭೇದವಲ್ಲದೆ ಮತ್ತೇನು?

ಕಾನೂನುಪ್ರಿಯ:
ನಾಲ್ಕೂವರೆ ಎಂಬ ಮಿತಿಯನ್ನು ವಿಧಿಸಿದ್ದು ಎನ್‌ಸಿಎಎ; ಟೈಟಲ್ ನೈನ್ ಅಲ್ಲ. ಕಾನೂನಿನ ನಿಯಮಾವಳಿ ಒಂದೊಂದು ಆಟವನ್ನು ಬಿಡಿಬಿಡಿಯಾಗಿ ಅಳೆಯುವುದಿಲ್ಲ. ಕಾಲೇಜಿನ ಕ್ರೀಡಾಪಟುಗಳಲ್ಲಿ ಮಹಿಳೆಯರ ಪಾಲು ಎಷ್ಟಿದೆಯೋ, ಕ್ರೀಡಾ ವಿದ್ಯಾರ್ಥಿವೇತನದ ಒಟ್ಟು ಹಣದಲ್ಲಿಯೂ ಅವರಿಗೆ ಸರಿಸುಮಾರು ಅಷ್ಟೇ ಪಾಲು ಸಿಗಬೇಕೆಂಬುದು ಅದರ ತಿರುಳು. ವ್ಯತ್ಯಾಸ ಶೇ. 1ಕ್ಕಿಂತ ಹೆಚ್ಚಾದರೆ ಅದಕ್ಕೆ ನ್ಯಾಯಯುತ ಕಾರಣ ತೋರಿಸಬೇಕೆಂದು ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ 1998ರಲ್ಲಿ ಸ್ಪಷ್ಟಪಡಿಸಿತು. ದೊಡ್ಡ ಕಾಲೇಜುಗಳಲ್ಲಿ ಪುರುಷರ ಅಮೆರಿಕನ್ ಫುಟ್‌ಬಾಲ್ ಒಂದೇ 85 ಪೂರ್ಣ ವಿದ್ಯಾರ್ಥಿವೇತನಗಳನ್ನು ತೆಗೆದುಕೊಳ್ಳುತ್ತಿತ್ತು. ಮಹಿಳೆಯರ ಕಡೆ ಅಷ್ಟು ದೊಡ್ಡ ಆಟವೇ ಇಲ್ಲದಿರುವುದರಿಂದ ಉಳಿದ ಆಟಗಳಲ್ಲಿ ಅವರಿಗೆ ತುಸು ಹೆಚ್ಚು ಕೊಟ್ಟು ತೂಕ ಸರಿಪಡಿಸಿದ್ದಾರೆ. ತಮ್ಮ ಮಗನ ಪಾಲು ಹೋಗಿದ್ದು ಫುಟ್‌ಬಾಲ್ ತಂಡಕ್ಕೆ, ತಮ್ಮ ಮಗಳಿಗಲ್ಲ.

ಗರಡಿಮನೆ:
"ತೂಕ ಸರಿಪಡಿಸಿದ್ದಾರೆ" ಎಂಬ ಮಾತು ಕೇಳಲು ಸೊಗಸಾಗಿದೆ. ಆ ತೂಕಕ್ಕೆ ಬಲಿಯಾದದ್ದು ಕುಸ್ತಿ. ಹುಡುಗರ ಕುಸ್ತಿ ತಂಡಕ್ಕೆ 9.9 ವಿದ್ಯಾರ್ಥಿವೇತನವಿದ್ದಾಗ ಮಹಿಳೆಯರ ರೋಯಿಂಗ್‌ಗೆ (ದೋಣಿ ಸ್ಪರ್ಧೆಗೆ) 20 ಇತ್ತು. ಚಿಕ್ಕಂದಿನಿಂದ ಅಖಾಡದಲ್ಲಿ ಬೆವರು ಸುರಿಸಿದವನಿಗೆ ಕಾಲು ಭಾಗ ಶುಲ್ಕವೂ ಸಿಗದ ಹೊತ್ತಿನಲ್ಲಿ, ಜನ್ಮದಲ್ಲಿ ದೋಣಿಯ ಹುಟ್ಟು ಹಿಡಿಯದ ಹುಡುಗಿಯರನ್ನು ಕ್ಯಾಂಪಸ್ಸಿನಲ್ಲಿ ಕೈಹಿಡಿದು ಕರೆದು ತಂಡ ತುಂಬಿಸುತ್ತಿದ್ದರು. ಕುಸ್ತಿ ತಂಡಗಳು ಮುಚ್ಚುವುದಕ್ಕೆ ಟೈಟಲ್ ನೈನ್ ನೀತಿಯೇ ಕಾರಣವೆಂದು ಕುಸ್ತಿ ಕೋಚ್‌ಗಳ ಸಂಘ 2002ರಲ್ಲಿ ಶಿಕ್ಷಣ ಇಲಾಖೆಯ ಮೇಲೆ ದಾವೆ ಹೂಡಿದ್ದು ಸುಮ್ಮನೆಯೇ?

ಶರಾವತಿ:
"ಜನ್ಮದಲ್ಲಿ ಹುಟ್ಟು ಹಿಡಿಯದ ಹುಡುಗಿಯರು" ಎಂದು ಬರೆಯುವ ಮುನ್ನ, ಯಾಕೆ ಹಿಡಿದಿರಲಿಲ್ಲ ಎಂದು ತಾವು ಯೋಚಿಸಬೇಕಾಗಿತ್ತು. 1971–72ರಲ್ಲಿ ಅಮೆರಿಕದ ಪ್ರೌಢಶಾಲೆಗಳಲ್ಲಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕಿಂತ ಕಡಿಮೆ, ಹುಡುಗರು 36 ಲಕ್ಷಕ್ಕಿಂತ ಹೆಚ್ಚು. 2018–19ರ ಹೊತ್ತಿಗೆ ಹುಡುಗಿಯರ ಸಂಖ್ಯೆ 34 ಲಕ್ಷ ದಾಟಿತು. ಅವಕಾಶ ಬಂದ ಮೇಲೆ ಆಸಕ್ತಿ ಬೆಳೆಯಿತು. ಬ್ರೌನ್ ವಿಶ್ವವಿದ್ಯಾಲಯವೂ ಹುಡುಗಿಯರಿಗೆ ಆಸಕ್ತಿ ಕಡಿಮೆಯೆಂದೇ ವಾದಿಸಿ 1996ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು.

ಹೊಯ್ಸಳ, ಓಹಿಯೊ:
ಬ್ರೌನ್ ಐವಿ ಲೀಗ್‌ಗೆ (ಎಂಟು ಹಳೆಯ ಖಾಸಗಿ ವಿಶ್ವವಿದ್ಯಾಲಯಗಳ ಕೂಟಕ್ಕೆ) ಸೇರಿದ ಸಂಸ್ಥೆ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ವಿದ್ಯಾರ್ಥಿವೇತನದ ಚರ್ಚೆಗೆ ಅದನ್ನು ಎಳೆದು ತಂದಿದ್ದು ಏಕೆ?

ಶರಾವತಿ:
ಆಸಕ್ತಿಯ ಮಾತು ಬಂದಿದ್ದರಿಂದ ತಂದೆ. ಆ ಮಾತನ್ನು ತೆಗೆದವರು ಗರಡಿಮನೆಯವರು, ಅವರನ್ನು ಕೇಳಿ.

ಗರಡಿಮನೆ:
ನಾನು ಆಸಕ್ತಿ ಎಂಬ ಪದವನ್ನೇ ಬಳಸಿಲ್ಲ, ರೋಯಿಂಗ್ ಎಂದೆ. ಒಂದು ದೋಣಿಗೆ ಎಂಟು ಜನ ಹುಟ್ಟು ಹಾಕುವವರು, ಒಬ್ಬರು ಚುಕ್ಕಾಣಿಯವರು. ಅಂಥ ಮೂರ್ನಾಲ್ಕು ದೋಣಿ ತುಂಬಿಸಿದರೆ ಫುಟ್‌ಬಾಲ್ ತಂಡದ ಮೂರನೆಯ ಒಂದು ಭಾಗದಷ್ಟು ತಲೆ ಲೆಕ್ಕಕ್ಕೆ ಸಿಕ್ಕಿತು. ಇದು ಸಮಾನತೆಯಲ್ಲ, ಹಾಜರಿ ಪುಸ್ತಕ.

ಕಾನೂನುಪ್ರಿಯ:
ತಾವು ಎರಡು ಬೇರೆ ಲೆಕ್ಕಗಳನ್ನು ಕಲಸುತ್ತಿದ್ದೀರಿ. ತಂಡಕ್ಕೆ ಹೊಸದಾಗಿ ಸೇರುವ ಹುಡುಗಿ ಭಾಗವಹಿಸುವವರ ಎಣಿಕೆಗೆ, ಅಂದರೆ ಆಡುವ ಅವಕಾಶ ಎಷ್ಟು ಜನ ಮಹಿಳೆಯರಿಗಿದೆ ಎಂಬ ಲೆಕ್ಕಕ್ಕೆ, ಬರುತ್ತಾಳೆ. ಆಕೆಗೆ ವಿದ್ಯಾರ್ಥಿವೇತನ ಸಿಗಲೇಬೇಕೆಂದೇನಿಲ್ಲ. 20 ಎಂಬುದು ಗರಿಷ್ಠ ಮಿತಿ, ಎಲ್ಲ ಕಾಲೇಜುಗಳೂ ಅಷ್ಟನ್ನು ಕೊಡುತ್ತವೆಂದು ಯಾರು ಹೇಳಿದರು? ಇನ್ನು ಕುಸ್ತಿ ಕೋಚ್‌ಗಳ ದಾವೆಯನ್ನು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ತಳ್ಳಿಹಾಕಿತು. ತಂಡ ಮುಚ್ಚುವುದು ಆಯಾ ಕಾಲೇಜಿನ ಸ್ವಂತ ನಿರ್ಧಾರವಾದ್ದರಿಂದ ಸರ್ಕಾರದ ನೀತಿಯ ಮೇಲೆ ದಾವೆ ನಿಲ್ಲುವುದಿಲ್ಲ ಎಂದಿತು. ದಾವೆ ಹೂಡಿದ ವರ್ಷ ನೆನಪಿಟ್ಟವರು ತೀರ್ಪಿನ ವರ್ಷವನ್ನೂ ನೆನಪಿಡಬಹುದಿತ್ತು.

ಗರಡಿಮನೆ:
ತಾಂತ್ರಿಕ ಕಾರಣಕ್ಕೆ ತಳ್ಳಿಹಾಕಿದ್ದನ್ನು ಗೆಲುವೆಂದು ಕರೆಯುವುದು ವಕೀಲರ ಅಭ್ಯಾಸ. "ಕೊಡಲೇಬೇಕೆಂದೇನಿಲ್ಲ" ಎಂದಿರಲ್ಲ, ಅಲ್ಲಿಗೆ ನನ್ನ ಮಾತೇ ಸಾಬೀತಾಯಿತು: ಹುಡುಗಿಯರನ್ನೂ ಲೆಕ್ಕಕ್ಕಾಗಿಯೇ ಬಳಸಿಕೊಂಡರು.

ಶರಾವತಿ:
ಈಗ ಹುಡುಗಿಯರ ಮೇಲೆ ಕನಿಕರ ಬಂದಿತೇ? ಎರಡು ಬರಹಗಳ ಹಿಂದೆ ಅವರನ್ನು ಅನರ್ಹರೆಂದವರು ತಾವೇ. ಹೊಸಬಳಾಗಿ ಹತ್ತಿದವಳೂ ಬೆಳಗಿನ ಚಳಿಯಲ್ಲಿ ನೀರಿಗಿಳಿಯುತ್ತಾಳೆ, ಕೈಯಲ್ಲಿ ಬೊಕ್ಕೆ ಏಳಿಸಿಕೊಳ್ಳುತ್ತಾಳೆ. ತಮ್ಮ ಕುಸ್ತಿಪಟು ಪಡುವ ಕಷ್ಟಕ್ಕೆ ಬೆಲೆಯಿದೆ, ಅವಳದ್ದಕ್ಕೆ ಇಲ್ಲವೆಂಬ ತಮ್ಮ ಧೋರಣೆಯೇ ಈ ಕಾನೂನು ಏಕೆ ಬೇಕಾಯಿತೆಂಬುದಕ್ಕೆ ಉತ್ತರ.

ಹೊಯ್ಸಳ, ಓಹಿಯೊ:
ಭಾವನೆಗಳನ್ನು ಬದಿಗಿಟ್ಟು ಲೆಕ್ಕಕ್ಕೆ ಬನ್ನಿ. ಕಾಲೇಜುಗಳು ಪ್ರತಿವರ್ಷ ಸರ್ಕಾರಕ್ಕೆ ಸಲ್ಲಿಸುವ ಕ್ರೀಡಾ ಸಮಾನತೆಯ ವರದಿಯಲ್ಲಿ, ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದೊಂದಿಗೆ ಅಭ್ಯಾಸಕ್ಕಷ್ಟೇ ಆಡುವ ಹುಡುಗರನ್ನೂ ಮಹಿಳಾ ತಂಡದ ಪಟ್ಟಿಯಲ್ಲಿ ಎಣಿಸಲು ಅವಕಾಶವಿದೆ. ಒಬ್ಬಳೇ ಓಟಗಾರ್ತಿಯನ್ನು ಕ್ರಾಸ್ ಕಂಟ್ರಿ, ಒಳಾಂಗಣ ಟ್ರ್ಯಾಕ್, ಹೊರಾಂಗಣ ಟ್ರ್ಯಾಕ್ ಎಂದು ಮೂರು ಸಲ ಎಣಿಸಬಹುದು. ಇಂಥ ಲೆಕ್ಕದ ಮೇಲೆ ನಿಂತ ಸಮಾನತೆಯಿಂದ ಯಾರಿಗೆ ಲಾಭ?

ಕಾನೂನುಪ್ರಿಯ:
ಮೂರು ಸಲ ಎಣಿಸುವುದು ಭಾಗವಹಿಸುವಿಕೆಯ ಲೆಕ್ಕಕ್ಕೆ ಮಾತ್ರ. ವಿದ್ಯಾರ್ಥಿವೇತನದ ಅನುಪಾತ ತೆಗೆಯುವಾಗ ಒಬ್ಬ ಕ್ರೀಡಾಪಟುವನ್ನು ಒಮ್ಮೆಯೇ ಎಣಿಸಬೇಕು. ಚರ್ಚೆಯ ತಲೆಬರಹವನ್ನು ಇನ್ನೊಮ್ಮೆ ಓದಿ.

ಹೊಯ್ಸಳ, ಓಹಿಯೊ:
ಅಭ್ಯಾಸದ ಹುಡುಗರ ವಿಷಯಕ್ಕೆ ತಾವು ಉತ್ತರಿಸಲಿಲ್ಲ.

ಟೆನಿಸ್ ಅಪ್ಪ, ಡಾಲಸ್:
ನಾನು ಟೆನಿಸ್ ಕೇಳಿದೆ, ತಾವೆಲ್ಲ ದೋಣಿ ಹತ್ತಿ ಹೋಗಿಬಿಟ್ಟಿರಿ. ಮಗನ ಪಾಲನ್ನು ಫುಟ್‌ಬಾಲ್ ತೆಗೆದುಕೊಂಡಿತೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಫುಟ್‌ಬಾಲನ್ನು ಲೆಕ್ಕದಿಂದ ಹೊರಗಿಟ್ಟು ಉಳಿದ ಆಟಗಳಲ್ಲಿ ಸಮಪಾಲು ಮಾಡುವುದಕ್ಕೆ ಅಡ್ಡಿಯೇನು? ದುಡಿಮೆಯ (ಕಾಲೇಜಿಗೆ ಹಣ ತರುವ) ಆಟವನ್ನು ಕಾಲೇಜುಗಳು ಹೇಗೂ ಬೇರೆ ಕಣ್ಣಿನಿಂದಲೇ ನೋಡುತ್ತವೆ.

ಕಾನೂನುಪ್ರಿಯ:
ಅಡ್ಡಿ ಏನೆಂದರೆ, ಅದನ್ನು 1974ರಲ್ಲಿಯೇ ಕೇಳಿ ಸೋತಿದ್ದಾರೆ. ಆದಾಯ ತರುವ ಆಟಗಳನ್ನು ಹೊರಗಿಡಬೇಕೆಂದು ಟೆಕ್ಸಸ್ಸಿನ ಸೆನೆಟರ್ ಜಾನ್ ಟವರ್ ತಂದ ತಿದ್ದುಪಡಿ ಕಾನೂನಾಗಲಿಲ್ಲ. ಅದನ್ನು ಒಪ್ಪಿದ್ದರೆ ಮೊದಲು 85 ಜನ ಹುಡುಗರಿಗೆ ಬಡಿಸಿ, ಆಮೇಲೆ ಉಳಿದದ್ದನ್ನು ಸಮನಾಗಿ ಹಂಚಿದೆವೆಂದು ಹೇಳಿಕೊಳ್ಳಬೇಕಾಗುತ್ತಿತ್ತು.

ಟೆನಿಸ್ ಅಪ್ಪ, ಡಾಲಸ್:
"ದುಡಿಮೆಯ ಆಟ"ವೆಂಬ ವಾದ ಸೋತಿದೆಯೆಂದಾದರೆ 2025ರಲ್ಲಿ ಅದು ಗೆದ್ದಿದ್ದು ಹೇಗೆ? ಹೌಸ್ ಪ್ರಕರಣದ (ಕ್ರೀಡಾಪಟುಗಳು ಎನ್‌ಸಿಎಎ ಮೇಲೆ ಹೂಡಿದ ದಾವೆಯ) ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಕಾಲೇಜೊಂದು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದೆಂದಾಯಿತು. ಆ ಹಣಕ್ಕೂ ಟೈಟಲ್ ನೈನ್ ಅನ್ವಯಿಸುತ್ತದೆಂದು ಬೈಡನ್ ಸರ್ಕಾರ ಜನವರಿಯಲ್ಲಿ ಹೊರಡಿಸಿದ ಸೂಚನೆಯನ್ನು ಟ್ರಂಪ್ ಸರ್ಕಾರ ಫೆಬ್ರವರಿಯಲ್ಲಿಯೇ ಹಿಂತೆಗೆದುಕೊಂಡಿತು.

ಶರಾವತಿ:
ಸೂಚನೆ ಹೋಯಿತು, ಕಾನೂನು ಹೋಗಿಲ್ಲ. ಹಿಂದಿನ ವರ್ಷಗಳ ಪರಿಹಾರವಾಗಿ ಕೊಡುವ 280 ಕೋಟಿ ಡಾಲರ್‌ನಲ್ಲಿ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಹೋಗುವುದನ್ನು ಪ್ರಶ್ನಿಸಿ ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಸಲ್ಲಿಸಿದ್ದನ್ನು ತಾವು ಬರೆಯಲಿಲ್ಲವೇಕೆ? ಅದೇ ರಾಜಿಯಿಂದ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ: ಟೆನಿಸ್‌ನಲ್ಲಿ ಹುಡುಗರಿಗೂ 10, ಹುಡುಗಿಯರಿಗೂ 10. ತಮ್ಮ ದೂರಿಗೆ ಕಾರಣವಾದ ನಾಲ್ಕೂವರೆ ಅಲ್ಲಿ ಈಗ ಉಳಿದಿಲ್ಲ.

ಟೆನಿಸ್ ಅಪ್ಪ, ಡಾಲಸ್:
10 ಜನರಿಗೆ ಕೊಡಬಹುದು, ಕೊಡಲೇಬೇಕೆಂದಿಲ್ಲ. ಮೇಲೆ ಕಾನೂನುಪ್ರಿಯರೇ ಹೇಳಿದ ಮಾತು. ಫುಟ್‌ಬಾಲ್‌ಗೆ ಹಣ ಹೊಂದಿಸಬೇಕಾದ ಕಾಲೇಜು ಹುಡುಗರ ಟೆನಿಸ್‌ಗೆ ಎಷ್ಟು ಉಳಿಸುತ್ತದೆಯೋ ನೋಡೋಣ.

ಗರಡಿಮನೆ:
ಶರಾವತಿಯವರು ಅದೇ ಪಟ್ಟಿಯ ಇನ್ನೆರಡು ಸಾಲುಗಳನ್ನು ಓದಲು ಮರೆತರು. ಕುಸ್ತಿಗೆ 30, ಮಹಿಳೆಯರ ರೋಯಿಂಗ್‌ಗೆ 68.

ಶರಾವತಿ:
ಮೂರನೆಯ ಸಾಲನ್ನೂ ಓದಿ: ಫುಟ್‌ಬಾಲ್‌ಗೆ 105. 2025ರ ಜನವರಿಯಲ್ಲಿ ಮಹಿಳಾ ಕುಸ್ತಿಗೂ ಎನ್‌ಸಿಎಎ ಚಾಂಪಿಯನ್‌ಷಿಪ್ ಮಂಜೂರಾಗಿದೆ. ಗರಡಿಯ ಅಭಿಮಾನಿಗಳಾದ ತಾವು ಅದನ್ನು ಸ್ವಾಗತಿಸುತ್ತೀರೆಂದು ಭಾವಿಸಲೇ?

ಗರಡಿಮನೆ:
ಧಾರಾಳವಾಗಿ ಸ್ವಾಗತಿಸುತ್ತೇನೆ. ಆ ಹುಡುಗಿಯರು ಅಖಾಡಕ್ಕೆ ಇಳಿದು ಬಂದವರು. ರೋಯಿಂಗ್ ಬಗ್ಗೆ ನಾನು ಹೇಳಿದ್ದು ಹಾಗೆಯೇ ಇದೆ.