ನಾರ್ಕೋಟಿಕ್ಸ್ ತರಬೇತಿ: ಮೂರು ವಾರ ಅಕಾಡೆಮಿಗೆ ಹೋಗಲಾ, ಎರಡು ದಿನದ ಕಾರ್ಯಾಗಾರ ಸಾಕಾ?

ಹೊಸ ಪಿಎಸ್‌ಐ: ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಬಂದು ಎರಡು ತಿಂಗಳಾಯಿತು. ಮೂರು ವಾರದ ವಸತಿ ತರಬೇತಿಗೆ ಹೆಸರು ಕೇಳಿದ್ದಾರೆ. ಠಾಣೆಯಲ್ಲಿ ಜನ ಕಡಿಮೆ. ಎರಡು ದಿನದ ಕಾರ್ಯಾಗಾರವೂ ಇದೆ. ಹೋಗಿಬಂದವರು ಹೇಳಿ.

ಮಹಜರು: ಕಾರ್ಯಾಗಾರ ನಂಬಿ ಕೆಟ್ಟವನು ನಾನು. ಎರಡು ದಿನವೂ ಬರೀ ಸ್ಲೈಡು. ಮುಂದಿನ ತಿಂಗಳೇ ತೋಟದ ಶೆಡ್‌ನಲ್ಲಿ ಒಣಹಾಕಿದ್ದ ಗಾಂಜಾ ಹಿಡಿದೆ. ಬೇರು, ಕಾಂಡ ಸಮೇತ ತಕ್ಕಡಿಗೆ ಹಾಕಿದೆ, 22 ಕೆಜಿ ಬಂತು. 20 ಕೆಜಿ ದಾಟಿತು, ವಾಣಿಜ್ಯ ಪ್ರಮಾಣ ಅಂತ ಖುಷಿಪಟ್ಟೆ. ಆದರೆ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಪ್ರಕಾರ ಗಾಂಜಾ ಅಂದರೆ ಹೂ, ಕಾಯಿ ಇರುವ ತುದಿ ಮಾತ್ರ. ವಕೀಲರು ಅದನ್ನೇ ಹಿಡಿದರು. ವಾಣಿಜ್ಯ ಪ್ರಮಾಣದ ಕೇಸಿಗೆ ಜಾಮೀನು ಕಷ್ಟವಾಗಿಸುವ ಕಲಂ 37ರ ಬಿಗಿ ಹೋಯಿತು, ಜಾಮೀನು ಸಿಕ್ಕಿತು, ಆಸಾಮಿ ನಾಪತ್ತೆ. ಕೋರ್ಟಿಗೆ 11 ಸಲ ಅಲೆದೆ. ಇಲಾಖಾ ವಿಚಾರಣೆಯಲ್ಲಿ ಒಂದು ಇನ್‌ಕ್ರಿಮೆಂಟೂ ಹೋಯಿತು.

ಅಣಕು ದಾಳಿ: ನಾನು ಮೂರು ವಾರ ಹೋದೆ. ಮಗಳ ಪರೀಕ್ಷೆ, ಅತ್ತೆ ಆಸ್ಪತ್ರೆಯಲ್ಲಿ. ಆದರೂ ಹೋದದ್ದಕ್ಕೆ ಹೆಮ್ಮೆಯಿದೆ. ದಾಳಿ ಕಲಿಸಲೆಂದೇ ಕಟ್ಟಿದ ಮನೆ ಇತ್ತು. ಅಟ್ಟ, ಫ್ಲಶ್ ಟ್ಯಾಂಕು, ಅಕ್ಕಿ ಡಬ್ಬ, ಎಲ್ಲದರಲ್ಲೂ ಪುಡಿಕೆ ಬಚ್ಚಿಟ್ಟಿರುತ್ತಾರೆ. ಹುಡುಕಬೇಕು, ಮಹಜರು ಬರೆಯಬೇಕು, ಮಾರನೇ ದಿನ ಅಣಕು ಕೋರ್ಟಿನಲ್ಲಿ ಪಾಟೀಸವಾಲು. ಮೈ ಶೋಧಕ್ಕೆ ಮುನ್ನ ‘ಯಾರೆದುರು ಶೋಧ ಬೇಕು’ ಎಂದು ಕೇಳುವ ಕಲಂ 50ರ ನೋಟಿಸಿನಲ್ಲಿ ‘ಪತ್ರಾಂಕಿತ ಅಧಿಕಾರಿ, ಮ್ಯಾಜಿಸ್ಟ್ರೇಟ್, ಇಲ್ಲವೇ ನಾನು’ ಎಂದು ಬರೆದಿದ್ದೆ. ಆ ‘ಇಲ್ಲವೇ ನಾನು’ ಮೇಲೆಯೇ ಅರ್ಧ ಗಂಟೆ ಬೆವರಿಳಿಸಿದರು. ಆ ಮೂರನೇ ಆಯ್ಕೆ ಕೊಡಬಾರದು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಹಜರು ಸರ್, ಕಾರ್ಯಾಗಾರವನ್ನು ಬಯ್ಯಬೇಡಿ. ನೀವು ಹೇಳಿದ್ದು ಕಲಂ 2ರಲ್ಲೇ ಇದೆ, ಓದಬೇಕಿತ್ತು.

ಮಹಜರು: ಮಳೆಯಲ್ಲಿ, ಇಬ್ಬರೇ ಸಿಬ್ಬಂದಿ ಇಟ್ಟುಕೊಂಡು, ಟಾರ್ಚ್ ಬೆಳಕಲ್ಲಿ ಮಾಲು ತೂಗಿದ್ದೀರಾ ಮೇಡಂ? ಅಣಕು ಮನೆಯಲ್ಲಿ ಕರೆಂಟ್ ಇರುತ್ತದೆ.

ನಿವೃತ್ತ: ತಮ್ಮಾ, ಎರಡೂ ಬೇಡ. ಒಳ್ಳೆ ಹಳೇ ಹೆಡ್ ಕಾನ್‌ಸ್ಟೇಬಲ್ ಜೊತೆ ಓಡಾಡು. ಸ್ಥಳದಲ್ಲೇ 24 ಗ್ರಾಂನ ಎರಡು ಸ್ಯಾಂಪಲ್, ಪಂಚರ ಸಹಿ, ಅರಗಿನ ಸೀಲು. ನಾನು ಕಲಿತದ್ದು ಹಾಗೇ.

ಮುದ್ದೆಮಾಲು: ದಯವಿಟ್ಟು ಹಾಗೆ ಹೇಳಿಕೊಡಬೇಡಿ ಸರ್. ಅದೇ ಪಾಠ ಕೇಳಿ ನನ್ನ ಕೇಸ್ ಖುಲಾಸೆ ಆಯಿತು. ಸ್ಯಾಂಪಲ್ ಮ್ಯಾಜಿಸ್ಟ್ರೇಟ್ ಎದುರೇ ತೆಗೆಯಬೇಕು ಎಂದು 2016ರಲ್ಲೇ ತೀರ್ಪು ಬಂದಿದೆ. 2022ರ ನಿಯಮವೂ ಅದನ್ನೇ ಹೇಳುತ್ತದೆ. ನನ್ನ ಹಿರಿಯರೂ ‘ಸ್ಥಳದಲ್ಲೇ ತೆಗಿ, ಏನಾಗಲ್ಲ’ ಅಂದಿದ್ದರು. ಎಂಟು ತಿಂಗಳು ಆ ಗ್ಯಾಂಗಿನ ಹಿಂದೆ ಬಿದ್ದಿದ್ದೆ.

ನಿವೃತ್ತ: ಮ್ಯಾಜಿಸ್ಟ್ರೇಟ್ ಎದುರು ಸ್ಯಾಂಪಲ್ ತೆಗೆಯಬೇಕೆನ್ನುವ ಕಲಂ 52ಎ ತಪ್ಪಿದ ಮಾತ್ರಕ್ಕೆ ಕೇಸ್ ಬೀಳಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಗೊತ್ತಿದ್ದು ಮಾತಾಡಿ.

ಮುದ್ದೆಮಾಲು: ಗೊತ್ತು ಸರ್. ನನ್ನ ಕೇಸ್ ಬಿದ್ದದ್ದು 2023ರಲ್ಲಿ.