ಮೂರು ಹಸಿರುಗಳಲ್ಲಿ ಕಾರಿನ ಮೂಲ ಬಣ್ಣ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 1950ರ ದಶಕದ ನಡುಭಾಗದ ಒಂದು ಸಲೂನ್ ಕಾರನ್ನು ಎರಡು ವರ್ಷಗಳಿಂದ ಸರಿಪಡಿಸುತ್ತಿದ್ದೇನೆ. ತಗಡಿನ ಕೆಲಸ ಮುಗಿದಿದ್ದು, ಈಗ ಬಣ್ಣದ ಸರದಿ ಬಂದಿದೆ. ಸದ್ಯಕ್ಕೆ ಕಾರಿನ ಮೇಲಿರುವುದು ಯಾರೋ ಹೊಡೆಸಿದ ಕಡುಗೆಂಪು ಬಣ್ಣ. ಆದರೆ ಬಾನೆಟ್ಟಿನ ಕೆಳಗಿನ ಫಲಕದ ಮೇಲಿರುವ ಬಣ್ಣದ ಸಂಕೇತದ ಪ್ರಕಾರ, ಕಾರ್ಖಾನೆಯಿಂದ ಹೊರಬಂದಾಗ ಅದು ತಿಳಿ ಹಸಿರಾಗಿತ್ತು.

ಆ ಹಸಿರು ಮೂರು ಕಡೆ ಸಿಕ್ಕಿದೆ, ಆದರೆ ಮೂರೂ ಒಂದರಂತೆ ಒಂದಿಲ್ಲ. ಬಾಗಿಲಿನ ಒಳಹಾಸು ಬಿಚ್ಚಿದಾಗ ಕಂಡ ಹಸಿರು ಬಾಡತೊಡಗಿದ ಎಲೆಯ ಹಾಗೆ ಹಳದಿಗೆ ವಾಲಿದೆ. ಡಿಕ್ಕಿಯ ಒಳಗಿನದು ಬೂದುಛಾಯೆಯ, ಮಾಸಲು ಹಸಿರು. ಬಾನೆಟ್ಟಿನ ಮೇಲೆ ಕೆಂಪನ್ನು ಉಜ್ಜಿ ತೆಗೆದಾಗ ಸಿಕ್ಕಿದ್ದು ಸುಣ್ಣ ಬೆರೆಸಿದಂತೆ ಬಿಳಿಚಿಕೊಂಡಿದೆ. ಸಂಕೇತವನ್ನು ನೋಡಿ ಬಣ್ಣದ ಅಂಗಡಿಯವರು ಬೆರೆಸಿಕೊಟ್ಟದ್ದು ಸಂಜೆ ಬಲ್ಬಿನ ಕೆಳಗೆ ಡಿಕ್ಕಿಯ ಹಸಿರಿಗೆ ಚೆನ್ನಾಗಿಯೇ ಹೊಂದಿತ್ತು. ಬೆಳಿಗ್ಗೆ ಹೊರಗೆ ತಂದು ನೋಡಿದರೆ ಬೇರೆಯದೇ ಬಣ್ಣ. ಇವುಗಳಲ್ಲಿ ಯಾವುದನ್ನು ಮೂಲವೆಂದು ನಂಬಬೇಕು?

ಮೊದಲ ಉತ್ತರ

ನನ್ನ ಅನುಭವದಲ್ಲಿ ಹೇಳುವುದಾದರೆ ಮೂರೂ ಮೂಲ ಬಣ್ಣವೇ ಆಗಿರಬಹುದು. ಒಂದೊಂದಕ್ಕೆ ಒಂದೊಂದು ರೀತಿಯಲ್ಲಿ ವಯಸ್ಸಾಗಿದೆ, ಅಷ್ಟೇ. ಬಾನೆಟ್ಟಿನ ಮೇಲಿನದು ಬಿಸಿಲುಂಡ ಬಣ್ಣ. ಬಣ್ಣದ ಪುಡಿಯನ್ನು ಹಿಡಿದಿಟ್ಟುಕೊಳ್ಳುವ ಅಂಟು ಬಿಸಿಲಿಗೆ ಸವೆದಾಗ ಪುಡಿ ಸಡಿಲಗೊಂಡು ಮೇಲೆ ನಿಲ್ಲುತ್ತದೆ. ಬೆರಳಿನಿಂದ ಒರೆಸಿದರೆ ಸೀಮೆಸುಣ್ಣದಂತೆ ಅಂಟಿಕೊಳ್ಳುವುದೂ ಅದೇ. ಅಲ್ಲಿ ಒಂದು ನಾಣ್ಯದಷ್ಟು ಜಾಗವನ್ನು ರಬ್ಬಿಂಗ್ ಕಾಂಪೌಂಡ್ ಹಾಕಿ ನಿಧಾನವಾಗಿ ಉಜ್ಜಿದರೆ, ಸತ್ತ ಪದರ ಹೋಗಿ ಒಳಗಿನ ಜೀವಂತ ಬಣ್ಣ ಹೊಳೆಯುತ್ತದೆ. ಡಿಕ್ಕಿಯೊಳಗೆ ಕಾರ್ಖಾನೆಯವರು ಸಾಮಾನ್ಯವಾಗಿ ತೆಳುವಾಗಿ ಹೊಡೆದು, ಪಾಲಿಶ್ ಮಾಡದೆ ಬಿಡುತ್ತಿದ್ದುದರಿಂದ ಅಲ್ಲಿ ಪ್ರೈಮರಿನ ಛಾಯೆ ಇಣುಕುತ್ತದೆ. ನಿಮಗೆ ಕಂಡ ಬೂದು ಅದೇ ಇರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುವುದು ಬಾಗಿಲಿನ ಒಳಗಿನ ಬಣ್ಣ. ಬಿಸಿಲು ಬೀಳದ ಜಾಗವಾದ್ದರಿಂದ ಅದೇ ಶುದ್ಧವೆಂದು ಎಲ್ಲರೂ ನಂಬುತ್ತಾರೆ. ಆದರೆ ಎಣ್ಣೆಯ ಅಂಶವುಳ್ಳ ಆಲ್ಕಿಡ್ ಎನಾಮಲ್ ಕತ್ತಲಲ್ಲಿ ವರ್ಷಾನುಗಟ್ಟಲೆ ಇದ್ದರೆ ಹಳದಿಗಟ್ಟುತ್ತದೆ. ಬೆಳಕಿಗೆ ಬಂದ ಮೇಲೆ ಆ ಹಳದಿ ಬಹುಪಾಲು ಇಳಿಯುತ್ತದೆ. ಬಿಳಿ, ಕೆನೆ ಮತ್ತು ತಿಳಿ ಹಸಿರಿನಲ್ಲಿ ಇದು ಎದ್ದು ಕಾಣುತ್ತದೆ. ಹಾಗಾಗಿ ಒಳಭಾಗದ ಬಿಚ್ಚಬಹುದಾದ ಒಂದು ಸಣ್ಣ ತುಂಡನ್ನು ತೆಗೆದು, ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಎರಡು ವಾರ ಬೆಳಕಿನಲ್ಲಿಟ್ಟು ನೋಡಿ.

ಅದಕ್ಕೂ ಮೊದಲು ನಿಮ್ಮದು ಎನಾಮಲ್ಲೋ, ಥಿನ್ನರ್ ಆರಿದಾಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರೋ ತಿಳಿದುಕೊಳ್ಳಬೇಕು, ಏಕೆಂದರೆ ಆ ಕಾಲದಲ್ಲಿ ಎರಡೂ ಬಳಕೆಯಲ್ಲಿದ್ದವು. ಹತ್ತಿಯನ್ನು ಲ್ಯಾಕರ್ ಥಿನ್ನರಿನಲ್ಲಿ ಅದ್ದಿ ಒಂದು ಮೂಲೆಯಲ್ಲಿ ತಿಕ್ಕಿ. ಲ್ಯಾಕರಾದರೆ ಬಣ್ಣ ಕರಗಿ ಹತ್ತಿಗೆ ಹತ್ತುತ್ತದೆ. ಹಳೆಯ ಎನಾಮಲ್ ಹೆಚ್ಚೆಂದರೆ ಮೆತ್ತಗಾಗುತ್ತದೆ ಅಥವಾ ಸುಕ್ಕುಗಟ್ಟುತ್ತದೆ. ಏನೂ ಆಗದಿದ್ದರೆ ಈಚೆಗೆ ಯಾರೋ ಹೊಡೆಸಿದ ಎರಡು ಘಟಕದ (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವ) ಬಣ್ಣವೆಂದು ಸಂಶಯಪಡಿ. ಪದರಗಳ ಇತಿಹಾಸ ಬೇಕಿದ್ದರೆ 800ರ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ, ತಗಡು ಕಾಣುವವರೆಗೆ ಸಣ್ಣ ವೃತ್ತವಾಗಿ ಉಜ್ಜಿ. ಮರದ ಬಳೆಗಳಂತೆ ಒಂದೊಂದು ಬಣ್ಣವೂ ಒಂದೊಂದು ಉಂಗುರವಾಗಿ ತೆರೆದುಕೊಳ್ಳುತ್ತದೆ. ಒಣ ಉಜ್ಜುವಿಕೆ ಮಾತ್ರ ಬೇಡವೇ ಬೇಡ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತದೆ, ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಎರಡನೆಯ ಉತ್ತರ

ಬಣ್ಣ ಬೆರೆಸುವುದೇ ನನ್ನ ವೃತ್ತಿ, ಆದ್ದರಿಂದ ಬಲ್ಬಿನ ಕೆಳಗೆ ಹೊಂದಿ ಬಿಸಿಲಿನಲ್ಲಿ ಹೊಂದದೆ ಹೋದದ್ದರ ಬಗ್ಗೆ ಮಾತ್ರ ಬರೆಯುತ್ತೇನೆ. ಇದನ್ನು ನಾವು ಮೆಟಾಮೆರಿಸಂ ಎನ್ನುತ್ತೇವೆ. ಹಳೆಯ ತಿಳಿ ಹಸಿರುಗಳಲ್ಲಿ ಅನೇಕವು ಸೀಸದ ಕ್ರೋಮೇಟ್ ಎಂಬ ಹಳದಿಗೆ ಪ್ರಷ್ಯನ್ ನೀಲಿಯನ್ನು ಸೇರಿಸಿ, ಬಿಳಿಯಿಂದ ತಿಳಿಗೊಳಿಸಿದಂಥವು. ಸೀಸದ ವಿಷಗುಣದಿಂದಾಗಿ ಈಗ ಆ ಹಳದಿ ನಮ್ಮ ಡಬ್ಬಿಗಳಲ್ಲಿಲ್ಲ. ಬದಲಿಗೆ ಸಾವಯವ ಹಳದಿ ಮತ್ತು 1935ರಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲೋ ನೀಲಿಯನ್ನು ಬಳಸಿ ಅದೇ ಹಸಿರನ್ನು ತರುತ್ತೇವೆ. ಕಣ್ಣಿಗೆ ಎರಡೂ ಒಂದೇ, ಆದರೆ ಬೆಳಕಿನ ಯಾವ ತರಂಗವನ್ನು ಎಷ್ಟು ಹಿಂದಕ್ಕೆ ಕಳಿಸುತ್ತವೆ ಎಂಬುದು ಬೇರೆ. ಹಾಗಾಗಿ ದೀಪ ಬದಲಾದರೆ ಜೋಡಿ ಮುರಿಯುತ್ತದೆ. ಮಾದರಿಯನ್ನು ಒಪ್ಪುವ ಮೊದಲು ನೆರಳಿನ ಹಗಲು ಬೆಳಕು, ಹಳೆಯ ತಂತಿಯ ಬಲ್ಬು ಮತ್ತು ಎಲ್‌ಇಡಿ, ಈ ಮೂರರಲ್ಲೂ ನೋಡಿ. ಮೂರರಲ್ಲೂ ಹೊಂದಿಸಲು ಆಗದಿದ್ದರೆ ಹಗಲು ಬೆಳಕಿನ ಮಾತನ್ನೇ ಕೇಳಿ.

ಅಂಗಡಿಯಲ್ಲಿ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಯಂತ್ರ ಇದ್ದರೆ ಬಳಸಿಕೊಳ್ಳಿ, ಆದರೆ ಅದಕ್ಕೆ ಬಣ್ಣದ ವಯಸ್ಸು ತಿಳಿಯದು. ಹಳದಿಗಟ್ಟಿದ ಜಾಗಕ್ಕೆ ಹಿಡಿದರೆ ಹಳದಿಗಟ್ಟಿದ ಸೂತ್ರವನ್ನೇ ಕೊಡುತ್ತದೆ. ಪಾಲಿಶ್ ಮಾಡಿದ, ಸಮತಟ್ಟಾದ ಜಾಗದಲ್ಲಿ ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆಸಿ. ಡೆಲ್ಟಾ ಇ ಎಂಬ ವ್ಯತ್ಯಾಸದ ಅಂಕಿ 1ರ ಆಸುಪಾಸಿನಲ್ಲಿದ್ದರೆ ಬಹಳಷ್ಟು ಕಣ್ಣುಗಳಿಗೆ ಅದು ಗೊತ್ತಾಗುವುದಿಲ್ಲ. ಡಬ್ಬಿಯಲ್ಲಿನ ಹಸಿ ಬಣ್ಣವನ್ನು ನೋಡಿ ತೀರ್ಮಾನಿಸಬೇಡಿ. ತಗಡಿನ ತುಂಡೊಂದಕ್ಕೆ ಅದೇ ಪ್ರೈಮರ್ ಹಾಕಿ, ಅದರ ಮೇಲೊಂದು ಕಪ್ಪು ಬಿಳಿ ಪಟ್ಟಿ ಅಂಟಿಸಿ, ಪಟ್ಟಿ ಪೂರ್ತಿ ಮರೆಯಾಗುವವರೆಗೆ ಹೊಡೆದು, ಒಣಗಿದ ಮೇಲೆ ಹೋಲಿಸಿ. ನಿಮ್ಮದು ಮೆಟಾಲಿಕ್ ಅಲ್ಲ ಎಂಬುದೇ ಪುಣ್ಯ. ಆಗಿದ್ದಿದ್ದರೆ ಸ್ಪ್ರೇ ಗನ್ ಹಿಡಿದ ದೂರಕ್ಕೂ ಬಣ್ಣ ಬದಲಾಗುತ್ತಿತ್ತು.

ಮೂರನೆಯ ಉತ್ತರ

ಮೇಲಿನವರ ಮಾತನ್ನು ಅಲ್ಲಗಳೆಯುತ್ತಿಲ್ಲ, ಆದರೆ ಮೂಲ ಎಂಬುದು ಒಂದೇ ಬಿಂದುವಲ್ಲ ಎಂಬುದನ್ನೂ ನೆನಪಿಡಬೇಕು. ಆ ದಿನಗಳಲ್ಲಿ ಒಂದೇ ಸಂಕೇತದ ಬಣ್ಣ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಕೊಂಚ ಬದಲಾಗುತ್ತಿತ್ತು. ಹಳೆಯ ಬಣ್ಣದ ಚೀಟಿಗಳನ್ನು ಹುಡುಕಿಕೊಂಡು ಹೋದರೆ, ಅವೂ ಕಾಲಕ್ಕೆ ಸಿಕ್ಕಿ ಮಾಸಿರುತ್ತವೆ. ನನಗೆ ಛಾಯೆಗಿಂತ ಹೆಚ್ಚು ಕಣ್ಣಿಗೆ ಚುಚ್ಚುವುದು ಹೊಳಪು. ಬೇಸ್‌ಕೋಟ್ ಎಂಬ ಬಣ್ಣದ ಪದರದ ಮೇಲೆ ಕ್ಲಿಯರ್‌ಕೋಟ್ ಎಂಬ ದಪ್ಪ ಪಾರದರ್ಶಕ ಪದರ ಹೊಡೆಯುವ ಪದ್ಧತಿ ವ್ಯಾಪಕವಾದದ್ದು 1980ರ ದಶಕದಲ್ಲಿ. ಐವತ್ತರ ದಶಕದ ಕಾರಿಗೆ ಅದನ್ನು ಹಾಕಿದರೆ ಬಣ್ಣ ಎಷ್ಟೇ ಸರಿಯಿದ್ದರೂ ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಕಾಣುತ್ತದೆ. ಕ್ಲಿಯರ್‌ಕೋಟ್ ಇಲ್ಲದ ಒಂದೇ ಹಂತದ ಬಣ್ಣ ಹೊಡೆಸಿ, ಕೈಯಿಂದ ಪಾಲಿಶ್ ಮಾಡಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಥಿನ್ನರ್ ಹಚ್ಚಿದ ಹತ್ತಿಗೆ ಬಣ್ಣ ಹತ್ತಲಿಲ್ಲ, ತಿಕ್ಕಿದ ಜಾಗ ಸಣ್ಣಗೆ ಸುಕ್ಕುಗಟ್ಟಿತು, ಅಂದರೆ ಎನಾಮಲ್. ಬಾಗಿಲಿನೊಳಗಿನ ಒಂದು ಮುಚ್ಚಳವನ್ನು ಬಿಚ್ಚಿ, ಅರ್ಧಕ್ಕೆ ಫಾಯಿಲ್ ಸುತ್ತಿ, 15 ದಿನ ಕಿಟಕಿಯ ಹೊರಗಿಟ್ಟೆ. ಫಾಯಿಲ್ ತೆಗೆದಾಗ ನಡುವೆ ಗೆರೆ ಕೊರೆದಂತೆ ಎರಡು ಹಸಿರು: ಮುಚ್ಚಿಟ್ಟ ಕಡೆ ಹಳೆಯ ಹಳದಿ ಛಾಯೆ ಹಾಗೇ ಇದೆ, ತೆರೆದಿಟ್ಟ ಕಡೆ ತಂಪಾದ, ತುಸು ನೀಲಿ ಬೆರೆತ ಹಸಿರು. ಬಾನೆಟ್ಟಿನ ಮೇಲೆ ಕಾಂಪೌಂಡ್ ಹಾಕಿ ಉಜ್ಜಿದ ಜಾಗದ ಪಕ್ಕ ಇಟ್ಟು ನೋಡಿದರೆ ಎರಡನ್ನೂ ಬೇರ್ಪಡಿಸಲು ನನ್ನ ಕಣ್ಣಿಗೆ ಆಗಲಿಲ್ಲ. ಆ ಮುಚ್ಚಳವನ್ನೇ ಅಂಗಡಿಗೆ ಒಯ್ದು ಅಳೆಸಿ, ಮೂರು ಮಾದರಿ ಹೊಡೆಸಿದೆವು. ಎರಡನೆಯದು ಹಗಲಿನಲ್ಲೂ ಎಲ್‌ಇಡಿಯಲ್ಲೂ ಹೊಂದಿತು; ತಂತಿಯ ಬಲ್ಬಿನ ಕೆಳಗೆ ಕೊಂಚ ಬೆಚ್ಚಗೆ ಕಂಡರೂ ಅದನ್ನೇ ಒಪ್ಪಿಕೊಂಡೆ. ಕ್ಲಿಯರ್‌ಕೋಟ್ ಇಲ್ಲದೆ ಒಂದೇ ಹಂತದಲ್ಲಿ ಮುಂದಿನ ವಾರ ಹೊಡೆಯುತ್ತಾರೆ. ಬಲಬಾಗಿಲಿನ ಒಳಹಾಸಿನ ಹಿಂದೆ ಅಂಗೈಯಗಲದ ಹಳೆಯ ಬಣ್ಣವನ್ನು ಮಾಸ್ಕಿಂಗ್ ಟೇಪ್ ಹಾಕಿ ಹಾಗೇ ಉಳಿಸಿದ್ದೇನೆ. ಬೆರಕೆಯ ಸೂತ್ರವನ್ನು ಮಾದರಿ ತಗಡಿನ ಹಿಂಬದಿಗೆ ಅಂಟಿಸಿ, ತಗಡನ್ನು ಕಾರಿನ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ.